ಒಂದು ಮೆಟಡೋರಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಶಬ್ದವನ್ನು ಕೇಳಿದೊಡನೆ ನಮ್ಮವರ ಮನಸ್ಸಿಗೆ ದೇವಾಲಯವೋ ಕೆರೆಯೋ ತೋರುವುದು ಸಹಜ. 37 ವರ್ಷ ಹಳೆಯದಾದ ಬಾಡಿಗೆಯ ಮೋಟಾರು ಗಾಡಿಯೊಂದಕ್ಕೆ ಆ ಶಬ್ದವನ್ನು ಪ್ರಯೋಗಿಸಿದರೆ ವಾಚಕರು ನಕ್ಕಾರು. ನಗಲಿ, ಮೊದಮೊದಲು ನಮ್ಮ ಮನೆಯವರೂ ನಕ್ಕರು. 36 ವರ್ಷಗಳ ಕಾಲ ಹೈಸ್ಕೂಲಿನ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ನಾನು 2024ರ ಮೇ ತಿಂಗಳಲ್ಲಿ ನಿವೃತ್ತನಾದೆನು; ಅದೇ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಮೆಟಡೋರ್ ವ್ಯಾನಿನ ಕೆಳಗೆ ಗೋಣಿತಟ್ಟನ್ನು ಹಾಸಿಕೊಂಡು ಮಲಗಿದೆನು. ಅಲ್ಲಿಂದ ಏಳುವುದಕ್ಕೆ ಒಂದು ವರ್ಷವೇ ಹಿಡಿಯಿತು. ಆ ವರ್ಷದ ಏಳುಬೀಳುಗಳನ್ನೂ, ಅದರಿಂದ ನನಗೆ ತಿಳಿದುಬಂದ ಸಂಗತಿಯೊಂದನ್ನೂ ಇಲ್ಲಿ ಬರೆಯುವೆನು.

ಮೆಟಡೋರನ್ನು ನೋಡದ ಕನ್ನಡಿಗರು ನನ್ನ ವಯಸ್ಸಿನವರಲ್ಲಿ ಇರಲಾರರು. ಆದರೆ ಅದರ ಕುಲಗೋತ್ರಗಳನ್ನು ಬಲ್ಲವರು ಕಡಮೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಟೆಂಪೋ ಎಂಬ ಮುದ್ರೆಯ ಗಾಡಿಗಳ ಕಾರ್ಖಾನೆಯೊಂದಿದ್ದಿತು. ಅದು 1949ರಲ್ಲಿ ಮೆಟಡೋರ್ ಎಂಬ ಹೆಸರಿನ ಸಣ್ಣ ಸರಕುಗಾಡಿಯನ್ನು ಹೊರತಂದಿತು. ನಮ್ಮ ದೇಶದಲ್ಲಿ 1958ರಲ್ಲಿ ಸ್ಥಾಪಿತವಾಗಿ ಮುಂದೆ ಬಜಾಜ್ ಟೆಂಪೋ ಎಂದು ಪ್ರಸಿದ್ಧವಾದ ಸಂಸ್ಥೆಯು ಮೊದಲು ಆ ಜರ್ಮನ್ ಮನೆತನದ ಮೂರು ಗಾಲಿಯ ಗಾಡಿಗಳನ್ನೂ, ತರುವಾಯ ಮೆಟಡೋರ್ ವಂಶದ ಗಾಡಿಗಳನ್ನೂ ನಿರ್ಮಿಸಿತು. 2005ರಲ್ಲಿ ಆ ಸಂಸ್ಥೆಯ ಹೆಸರು ಫೋರ್ಸ್ ಮೋಟರ್ಸ್ ಎಂದು ಬದಲಾಯಿತು. ಟೆಂಪೋ ಎಂಬ ಮಾತು ಮಾತ್ರ ನಮ್ಮ ಜನರ ಬಾಯಿಯಿಂದ ಹೋಗಲೇ ಇಲ್ಲ. ಶಬ್ದವ್ಯುತ್ಪತ್ತಿಯ ಚಪಲವು ನನ್ನನ್ನು ಇನ್ನೂ ಬಿಟ್ಟಿಲ್ಲವಾದುದರಿಂದ ಹೇಳುತ್ತೇನೆ: ಟೆಂಪೋ ಎಂಬುದರ ಮೂಲವು ಲ್ಯಾಟಿನ್ ಭಾಷೆಯ ಕಾಲವಾಚಕ ಶಬ್ದ, ಮೆಟಡೋರ್ ಎಂದರೆ ಸ್ಪಾನಿಷ್ ಭಾಷೆಯಲ್ಲಿ ಕೊಲ್ಲುವವನು, ಗೂಳಿಕಾಳಗದಲ್ಲಿ ಗೂಳಿಯನ್ನು ಕೊಲ್ಲುವ ಭಟ. ಈ ಎರಡು ಅರ್ಥಗಳೂ ನಮ್ಮ ಸಂಸ್ಕೃತದ ಕಾಲವೆಂಬ ಒಂದೇ ಪದದಲ್ಲಿ ಅಡಗಿವೆ. ಇಂತಹ ಹೆಸರನ್ನು ಹಣೆಯ ಮೇಲೆ ಬರೆಯಿಸಿಕೊಂಡ ಗಾಡಿಯು ಕಾಲನ ಕೈಗೆ ಸಿಕ್ಕಿ ತುಕ್ಕು ಹಿಡಿದುದರಲ್ಲಿ ಆಶ್ಚರ್ಯವೇನು!

ಈ ಗಾಡಿ ನಮ್ಮ ಅಣ್ಣನದು. ನಮ್ಮೂರು ತೀರ್ಥಹಳ್ಳಿಗೂ ಆಗುಂಬೆಗೂ ನಡುವಣ ಒಂದು ಹಳ್ಳಿ. 1979ರಲ್ಲಿ ತಂದೆಯವರು ತೀರಿಕೊಂಡಾಗ ನಾನು 15 ವರ್ಷದವನು, ಅಣ್ಣನು 23ರ ತರುಣ. ತೋಟದ ಉತ್ಪತ್ತಿಯು ಸಾಲದ ಬಡ್ಡಿಗೂ ಸಾಲದಿರಲು, ಅಣ್ಣನು ಓದನ್ನು ನಿಲ್ಲಿಸಿ ಬೇರೊಬ್ಬರ ವ್ಯಾನಿಗೆ ಚಾಲಕನಾದನು. ಆ ಸಂಬಳದಿಂದಲೇ ನಾನು 1981ರಿಂದ ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಸಂಗಮಾಡಿದೆನು. 1988ರಲ್ಲಿ ನನಗೆ ಉಪಾಧ್ಯಾಯ ವೃತ್ತಿ ದೊರೆಯಿತು. ಅದೇ ವರ್ಷ ಅಣ್ಣನು ಬ್ಯಾಂಕಿನಲ್ಲಿ ಸಾಲಮಾಡಿ ಈ ಮೆಟಡೋರನ್ನು ಕೊಂಡನು.

ಆಗುಂಬೆಯ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ದೊಡ್ಡ ಬಸ್ಸುಗಳು ಅಲ್ಲಿ ತಿರುಗಲಾರವು. ಆದುದರಿಂದ ಘಟ್ಟದ ಮೇಲಿನ ತೀರ್ಥಹಳ್ಳಿಗೂ ಕೆಳಗಿನ ಹೆಬ್ರಿ, ಉಡುಪಿಗಳಿಗೂ ನಡುವೆ ಜನರ ಬದುಕನ್ನು ಹೊತ್ತವು ಇಂತಹ ಚಿಕ್ಕ ಗಾಡಿಗಳೇ. ಮದುವೆಯ ದಿಬ್ಬಣ, ಎಳ್ಳಮಾವಾಸ್ಯೆಯ ಜಾತ್ರೆಯ ಜನ, ಶಿವಮೊಗ್ಗೆಯ ಮಂಡಿಗೆ ಹೋಗುವ ಅಡಕೆಯ ಮೂಟೆ, ನಡುರಾತ್ರಿಯಲ್ಲಿ ಮಣಿಪಾಲದ ಆಸ್ಪತ್ರೆಗೆ ಸಾಗಿಸಬೇಕಾದ ಹೆರಿಗೆಯ ಹೆಂಗಸು, ಎಲ್ಲವೂ ಎಲ್ಲರೂ ಈ ತಗಡಿನ ಹೊಟ್ಟೆಯಲ್ಲಿ ಕುಳಿತು ಹೋದವರೇ. ಸರಕಾರದ ಕಾಗದದಲ್ಲಿ ಬರೆದಷ್ಟೇ ಜನರನ್ನು ಕೂರಿಸಿಕೊಂಡ ಮೆಟಡೋರನ್ನು ಮಲೆನಾಡಿನಲ್ಲಿ ಯಾರೂ ಕಂಡಿರಲಾರರು. ಚಾಲಕನ ಪಕ್ಕದ ಮುಂಭಾಗದ ಆಸನಕ್ಕಂತೂ ಎಲ್ಲಿಲ್ಲದ ಬೇಡಿಕೆ. ಆ ಆಸನಕ್ಕೆ ಕಾಸು ಹುಟ್ಟುವುದಾದ್ದರಿಂದ ಅಣ್ಣನು ಅದನ್ನು ಮನೆಯವರಿಗೆ ಎಂದೂ ಕೊಟ್ಟವನಲ್ಲ. ಅತ್ತಿಗೆಯವರು ತವರಿಗೆ ಹೋಗುವಾಗಲೂ ಹಿಂದಿನ ಬೆಂಚಿನ ಮೂಲೆಯೇ ಗತಿ.

2012ರಲ್ಲಿ ಮಂಡಿನೋವು ಹೆಚ್ಚಾಗಿ ಅಣ್ಣನು ಚಾಲನೆಯನ್ನು ಬಿಟ್ಟನು. 2019ರಲ್ಲಿ ನಮ್ಮನ್ನೂ ಬಿಟ್ಟುಹೋದನು. ಗಾಡಿಯು ಕೊಟ್ಟಿಗೆಯ ಹಿಂದಣ ಮಾಡಿನಡಿಯಲ್ಲಿ ನಿಂತಲ್ಲೇ ನಿಂತಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಣ್ಣನ ಮಗನು, ಗುಜರಿಯವನೊಬ್ಬನು 38,000 ರೂಪಾಯಿಗೆ ಕೇಳುತ್ತಿರುವನೆಂದೂ ಕೊಟ್ಟುಬಿಡುವೆನೆಂದೂ ನನಗೆ ತಿಳಿಸಿದನು. ‘ಅಷ್ಟನ್ನು ನಾನೇ ಕೊಡುವೆನು, ಬಿಡು’ ಎಂದುಬಿಟ್ಟೆನು. ಕಾರಣವನ್ನು ಕೇಳಿದವರಿಗೆಲ್ಲ ನಿವೃತ್ತನಿಗೆ ಒಂದು ಹವ್ಯಾಸ ಬೇಕಲ್ಲವೇ ಎಂದು ಉತ್ತರ ಕೊಟ್ಟೆನು. ಅದು ನಿಜವಾದ ಉತ್ತರವಾಗಿರಲಿಲ್ಲ. ನಿಜವಾದುದನ್ನು ಮುಂದೆ ಹೇಳುವೆನು.

ತೀರ್ಥಹಳ್ಳಿಯಲ್ಲಿ 70 ವರ್ಷ ಮೀರಿದ ಮೇಸ್ತ್ರಿಗಳೊಬ್ಬರಿದ್ದಾರೆ. ಅಣ್ಣನ ಗಾಡಿಯನ್ನು ಮೊದಲ ದಿನದಿಂದ ಬಲ್ಲವರು. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ. ಅವರು ಬಂದು ಒಂದು ಸಣ್ಣ ಸುತ್ತಿಗೆಯನ್ನು ಹಿಡಿದು, ಹೆಂಗಸರು ಸಂತೆಯಲ್ಲಿ ಮಡಕೆಯನ್ನು ಬಡಿದು ನೋಡುವಂತೆ, ಗಾಡಿಯ ಸುತ್ತಲೂ ಬಡಿಯುತ್ತ ಬಂದರು. ಗಟ್ಟಿಯಿರುವೆಡೆ ಠಣ್ಣೆಂದಿತು, ಮಿಕ್ಕ ಕಡೆ ಬೊದ್ದೆಂದಿತು. ಬೊದ್ದೆಂದ ಸ್ಥಳಗಳೇ ಹೆಚ್ಚು. ‘ಮೇಷ್ಟ್ರೇ, ದುಡ್ಡು ಕೊಟ್ಟು ಮನೆಗೆ ಹೋಗಿ ಕೂರುವುದಾದರೆ ಈ ಕೆಲಸ ನನ್ನಿಂದಾಗದು. ನನ್ನ ಹುಡುಗರೆಲ್ಲ ಶಿವಮೊಗ್ಗದ ಶೋರೂಮುಗಳಿಗೆ ಹೋದರು. ನೀವೇ ಹುಡುಗನಾಗಿ ಬರುವುದಾದರೆ ನೋಡೋಣ’ ಎಂದರು. ಹೀಗೆ 60 ಕಳೆದ ಮೇಲೆ ನನಗೆ ಎರಡನೆಯ ಗುರುಕುಲವಾಸವು ಪ್ರಾಪ್ತವಾಯಿತು.

ನನಗೆ ಮೊದಲು ಕೊಟ್ಟ ಪಾಠವು ಬೋಲ್ಟುಗಳನ್ನು ಬಿಚ್ಚಿ ಎತ್ತಿಡುವುದು. ಯಾವುದು ಎಲ್ಲಿಯದೆಂದು ಮರೆಯದಂತೆ ಚಿಕ್ಕ ಚೀಲಗಳಲ್ಲಿ ಹಾಕಿ ಪ್ರಥಮಾ, ದ್ವಿತೀಯಾ ಎಂದು ವಿಭಕ್ತಿಗಳ ಹೆಸರನ್ನು ಬರೆದಿಟ್ಟೆನು. ಏಳು ವಿಭಕ್ತಿಗಳೂ ಸಂಬೋಧನೆಯೂ ಮೊದಲನೆಯ ಮಧ್ಯಾಹ್ನದೊಳಗೇ ಮುಗಿದುಹೋದವು. ಮೇಸ್ತ್ರಿಗಳು ನಕ್ಕು, ಪ್ರತಿಯೊಂದು ಬೋಲ್ಟನ್ನೂ ಅದರದರ ರಂಧ್ರದಲ್ಲಿಯೇ ಎರಡು ಸುತ್ತು ತಿರುಗಿಸಿ ಬಿಡುವುದನ್ನು ತೋರಿಸಿದರು. ಸ್ಥಾನವೇ ಹೆಸರನ್ನು ಹೇಳುವಾಗ ಚೀಟಿ ಏಕೆ?

ಈ ಗಾಡಿಯ ಎಂಜಿನ್ನು ಮರ್ಸಿಡಿಸ್ ಮನೆತನದ ಪರವಾನಗಿಯಿಂದ ನಮ್ಮ ದೇಶದಲ್ಲಿಯೇ ತಯಾರಾದುದು. ನಾಲ್ಕು ಸಿಲಿಂಡರುಗಳ, 2.4 ಲೀಟರಿನ ಡೀಸೆಲ್ ಯಂತ್ರ. ರುಡಾಲ್ಫ್ ಡೀಸೆಲ್ ಎಂಬಾತನು 1897ರಲ್ಲಿ ನಡೆಸಿ ತೋರಿಸಿದ ಉಪಾಯವೇ ಇದರಲ್ಲಿಯೂ ಇರುವುದು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯು ಹೊತ್ತಿಸುವುದು. ಡೀಸೆಲಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು 21ರಲ್ಲಿ ಒಂದು ಪಾಲಿಗೆ ಒತ್ತಿ ಕುಗ್ಗಿಸಿದಾಗ ಆ ಒತ್ತಡದ ಕಾವಿಗೇ ತೈಲವು ತಾನಾಗಿ ಹೊತ್ತಿಕೊಳ್ಳುವುದು. ಎಂಜಿನ್ನು ತಣ್ಣಗಿರುವಾಗ ಮಾತ್ರ ಹೀಟರ್ ಪ್ಲಗ್ಗೆಂಬ ಬೆರಳುದ್ದದ ಕಡ್ಡಿಗಳು ಮುಂಚಿತವಾಗಿ ಕೆಂಪಗೆ ಕಾಯ್ದು ಅದಕ್ಕೆ ನೆರವಾಗಬೇಕು. ಯಜ್ಞಶಾಲೆಯಲ್ಲಿ ಅರಣಿಯಿಂದ ಬೆಂಕಿಯನ್ನು ಹುಟ್ಟಿಸುವುದನ್ನು ಬಾಲ್ಯದಲ್ಲಿ ನೋಡಿದ್ದ ನನಗೆ, ಹೊರಗಿನ ಜ್ವಾಲೆಯ ಹಂಗಿಲ್ಲದೆ ಒಳಗೇ ಅಗ್ನಿಯನ್ನು ಹುಟ್ಟಿಸಿಕೊಳ್ಳುವ ಈ ಯಂತ್ರದ ಮೇಲೆ ಗೌರವವು ಮೂಡಿತು. ತೈಲವನ್ನು ಅಳೆದು ಊಡುವ ಪಂಪಿನ ಮೇಲೆ ಮೈಕೋ ಎಂಬ ಅಕ್ಷರಗಳಿದ್ದವು. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಾರ್ಖಾನೆಯ ಗುರುತು ಅದು. ಕರ್ನಾಟಕದ ಪಂಪು, ಜರ್ಮನಿಯ ವಂಶ, ಮಲೆನಾಡಿನ ತುಕ್ಕು: ಇದು ನಮ್ಮ ಗಾಡಿಯ ಪ್ರವರ.

12 ವರ್ಷ ನಿಂತ ಯಂತ್ರದ ತೈಲನಾಳಗಳಲ್ಲಿ ಗಾಳಿಯು ತುಂಬಿದ್ದಿತು. ಸಣ್ಣ ಕೈಪಂಪನ್ನು ಒತ್ತುತ್ತ, ಒಂದು ತಿರುಪನ್ನು ಸಡಿಲಿಸಿ, ನೊರೆಗುಳ್ಳೆಗಳು ಬರುವುದು ನಿಲ್ಲುವವರೆಗೂ ತೈಲವನ್ನು ಹರಿಯಿಸಬೇಕು. ಆ ಕೆಲಸವನ್ನು ನನಗೇ ವಹಿಸಿದರು. 2025ರ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಎಂಜಿನ್ನು ಎರಡು ಸಲ ಕೆಮ್ಮಿ, ಕೊಟ್ಟಿಗೆಯ ತುಂಬ ಕಪ್ಪು ಹೊಗೆಯನ್ನು ಕಾರಿ, ಮೂರನೆಯ ಸಲಕ್ಕೆ ಓಡತೊಡಗಿತು. ಹಸುಗಳು ಹಗ್ಗವನ್ನು ಜಗ್ಗಿದವು. ಅತ್ತಿಗೆಯವರು ಅಡಿಗೆಯ ಮನೆಯಿಂದ ಸೌಟನ್ನು ಹಿಡಿದುಕೊಂಡೇ ಹೊರಕ್ಕೆ ಬಂದು, ಒಂದು ಗಳಿಗೆ ನಿಂತು, ಏನನ್ನೂ ಹೇಳದೆ ಒಳಗೆ ಹೋದರು.

ಈ ಏಳಿಗೆಯು ಒಂದು ತಿಂಗಳೂ ಉಳಿಯಲಿಲ್ಲ. ಫೆಬ್ರವರಿಯಲ್ಲಿ ಪರೀಕ್ಷೆಗೆಂದು ಊರ ಹೊರಗಿನ ಏರನ್ನು ಹತ್ತಿಸಿದಾಗ, ಹಳೆಯ ಕೆಸರು ಕಟ್ಟಿಕೊಂಡಿದ್ದ ರೇಡಿಯೇಟರಿನಲ್ಲಿ ನೀರು ಹರಿಯದೆ ಯಂತ್ರವು ಕುದಿಯಿತು. ಮಾರನೆಯ ದಿನ ಎಣ್ಣೆಯ ಅಳತೆಗೋಲನ್ನು ತೆಗೆದು ನೋಡಿದರೆ ಕಪ್ಪಗಿರಬೇಕಾದ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದಿತು. ಎಂಜಿನ್ನಿನ ತಲೆಗೂ ಒಡಲಿಗೂ ನಡುವೆ ಇರುವ ಗ್ಯಾಸ್ಕೆಟ್ ಎಂಬ ಹಾಳೆಯು ಸುಟ್ಟು, ನೀರು ಎಣ್ಣೆಯೊಳಕ್ಕೆ ನುಗ್ಗಿದ್ದಿತು. ತಲೆಯನ್ನು ಬಿಚ್ಚಿ, ಶಿವಮೊಗ್ಗಕ್ಕೆ ಒಯ್ದು, ಬಿರುಕಿದೆಯೇ ಎಂದು ಪರೀಕ್ಷಿಸಿ, ಸಮತಲವಾಗಿ ಹೆರೆಯಿಸಿ ತರಬೇಕಾಯಿತು. ಬಿರುಕಿರಲಿಲ್ಲವೆಂಬುದೊಂದೇ ಸಮಾಧಾನ.

ಅದು ಮುಗಿಯುವಷ್ಟರಲ್ಲಿ ಬಣ್ಣದ ಕಥೆ ಬಯಲಾಯಿತು. ಮೇಸ್ತ್ರಿಗಳು ಬೇಡವೆಂದರೂ ಕೇಳದೆ, ಬೇಗನೆ ಅಂದವಾಗಲೆಂಬ ಆಸೆಯಿಂದ ನಾನು ಡಿಸೆಂಬರಿನಲ್ಲಿಯೇ ಒಬ್ಬ ಪೇಂಟರಿನವನಿಗೆ ಗಾಡಿಯ ಪಕ್ಕೆಗಳನ್ನು ಒಪ್ಪಿಸಿದ್ದೆನು. ಆತನು ತುಕ್ಕನ್ನು ಕತ್ತರಿಸಿ ತೆಗೆಯದೆ, ಅದರ ಮೇಲೆಯೇ ಲಪ್ಪವನ್ನು ಬಳಿದು ನುಣ್ಣಗೆ ಉಜ್ಜಿ ಬಣ್ಣವನ್ನು ಹೊಡೆದಿದ್ದನು. ಕಬ್ಬಿಣವು ನೀರಿನೊಡನೆಯೂ ಗಾಳಿಯೊಡನೆಯೂ ಕೂಡಿ ತುಕ್ಕಾದಾಗ ಮೊದಲಿಗಿಂತ ಹಲವು ಪಾಲು ಉಬ್ಬುವುದು; ಮುಚ್ಚಿಟ್ಟರೆ ಒಳಗೊಳಗೇ ಬೆಳೆದು ಮುಚ್ಚಳವನ್ನು ಎತ್ತುವುದು. ಏಪ್ರಿಲಿನ ಮೊದಲ ಮಳೆ ಬಿದ್ದ ಹತ್ತು ದಿನಗಳಲ್ಲಿ ಹೊಸ ಬಣ್ಣದ ಮೇಲೆಲ್ಲ ಸಿಡುಬಿನಂತೆ ಗುಳ್ಳೆಗಳೆದ್ದವು. ನಮ್ಮ ಆಯುರ್ವೇದದವರು ಮಂಡೂರವೆಂಬ ಕಬ್ಬಿಣದ ಕಿಟ್ಟವನ್ನು ಔಷಧಕ್ಕೆ ಬಳಸುವರು. 100 ವರ್ಷದ್ದು ಉತ್ತಮ, 80ರದು ಮಧ್ಯಮ, 60ರದು ಅಧಮವೆಂದು ಎಣಿಕೆ. ಆ ಲೆಕ್ಕದಲ್ಲಿ ನಮ್ಮ ಗಾಡಿಯ ತುಕ್ಕು ಔಷಧಕ್ಕೂ ಒದಗದು.

ಅಷ್ಟರಲ್ಲಿ ಕೈಬಿಟ್ಟ ಹಣವು 1,40,000 ರೂಪಾಯಿಯನ್ನು ದಾಟಿದ್ದಿತು. ನನ್ನ ಹೆಂಡತಿಯು ಜಗಳವಾಡುವ ಸ್ವಭಾವದವಳಲ್ಲ. ಒಂದು ರಾತ್ರಿ ಊಟ ಬಡಿಸುತ್ತ, ‘ಭಾವನವರು ಇದ್ದಾಗ ನೀವು ಆ ಗಾಡಿಯಲ್ಲಿ ಎಷ್ಟು ಸಲ ಕುಳಿತಿದ್ದೀರಿ?’ ಎಂದು ಮಾತ್ರ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನವೇ ಗುಜರಿಯವನಿಗೆ ಹೇಳಿಕಳುಹಿಸಬೇಕೆಂದು ನಿಶ್ಚಯಿಸಿ ಎರಡು ವಾರ ತೀರ್ಥಹಳ್ಳಿಯ ಕಡೆಗೆ ತಲೆಹಾಕಲಿಲ್ಲ.

ಒಂದು ಸಂಜೆ ಮೇಸ್ತ್ರಿಗಳೇ ಬಸ್ಸು ಹತ್ತಿ ಮನೆಗೆ ಬಂದರು. ಕಾಫಿಯನ್ನು ಕುಡಿದು, ಜೇಬಿನಿಂದ ತೆಳುವಾದ ಉಕ್ಕಿನ ಅಲಗುಗಳ ಒಂದು ಗೊಂಚಲನ್ನು ತೆಗೆದು ನನ್ನ ಕೈಗಿಟ್ಟರು. ‘ತಲೆಯನ್ನು ಕೂರಿಸಿಯಾಗಿದೆ. ವಾಲ್ವುಗಳ ಸಂದನ್ನು ಅಳೆಯಬೇಕು. ನನ್ನ ಕಣ್ಣು ಮೊದಲಿನಂತಿಲ್ಲ. ನೀವು ಸಣ್ಣಕ್ಷರ ಓದಿದವರು’ ಎಂದರು. ಗಾಳಿಯನ್ನು ಒಳಕ್ಕೆ ಬಿಡುವ ವಾಲ್ವಿನ ಸಂದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಹೆಚ್ಚಾದರೆ ಸದ್ದು, ಕಡಮೆಯಾದರೆ ವಾಲ್ವು ಸರಿಯಾಗಿ ಮುಚ್ಚಿಕೊಳ್ಳದು. ಅಲಗನ್ನು ಸಂದಿನಲ್ಲಿ ಎಳೆದಾಗ ಬೆಣ್ಣೆಯಲ್ಲಿ ಎಳೆದಂತೆ ಅಲ್ಪ ಬಿಗಿಯಿರಬೇಕಂತೆ. ಅರ್ಧಮಾತ್ರೆ ಉಳಿದರೆ ಹಿಗ್ಗುವ ವೈಯಾಕರಣರ ನಡುವೆ ಬೆಳೆದ ನನಗೆ, ಅಷ್ಟೇ ಸೂಕ್ಷ್ಮತೆಯು ಎಣ್ಣೆಯ ಕೈಗಳಲ್ಲಿಯೂ ಉಂಟೆಂದು ತಿಳಿಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಅಣ್ಣನು ಭಾನುವಾರಗಳಂದು ಅಂಗಳದಲ್ಲಿ ಎಂಜಿನ್ನಿನ ಮೇಲೆ ಬಾಗಿ ಗಂಟೆಗಟ್ಟಲೆ ಏನನ್ನೋ ಅಳೆಯುತ್ತಿದ್ದುದನ್ನು ನಾನು ಜಗಲಿಯ ಮೇಲೆ ಪುಸ್ತಕ ಹಿಡಿದು ನೋಡಿದ್ದೆನು. ಏನು ಅಳೆಯುತ್ತಿರುವೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಮಳೆಗಾಲವು ಹಿಡಿಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವುದು; ಅದರ ನೆರೆಯವರಾದ ನಮಗೂ ಕಡಮೆಯಿಲ್ಲ. ಹೊರಗಿನ ಕೆಲಸವನ್ನು ನಿಲ್ಲಿಸಿ, ಮೇಸ್ತ್ರಿಗಳ ಮಾಡಿನೊಳಗೆ ಗಾಡಿಯ ನೆಲವನ್ನು ಕೈಗೆತ್ತಿಕೊಂಡೆವು. ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯುವುದು ದಿನಕ್ಕೆ ಒಂದು ಮೊಳದಷ್ಟು ಮಾತ್ರ ಸಾಗುವ ಕೆಲಸ. ಆಷಾಢದ ಒಂದು ಮಧ್ಯಾಹ್ನ ಚಾಲಕನ ಆಸನದ ಮುಂದೆ, ಕಾಲಿಡುವ ಸ್ಥಳದಲ್ಲಿ, ಸುತ್ತಲಿನಂತೆ ಕೊಳೆಯದ ಒಂದು ತುಂಡು ಕಾಣಿಸಿತು. ಅದು ಕಾರ್ಖಾನೆಯದಲ್ಲ, ರಿವೆಟ್ಟುಗಳಿಂದ ಕೈಯಾರೆ ಜೋಡಿಸಿದ ತೇಪೆ. ಕೆಳಗಿನಿಂದ ಅದಕ್ಕೆ ಡಾಮರನ್ನು ದಪ್ಪವಾಗಿ ಬಳಿದಿದ್ದಿತು. ನಾನು ಕೆಳಗೆ ಮಲಗಿ ಕೆರೆಯುತ್ತಿರಲು ಡಾಮರಿನ ಅಡಿಯಿಂದ ಬಿಳಿಯ ಬಣ್ಣದ ಒಂದು ಗೆರೆಯೂ, ಮತ್ತೊಂದು ಗೆರೆಯೂ ಎದ್ದವು. ಅವು ನಾಗರೀ ಲಿಪಿಯ ಅಕ್ಷರಗಳು, ನನ್ನ ಕೈಬರಹ. ನನ್ನ ಹೆಸರು, ಅದರ ಕೆಳಗೆ ಪಾಠಶಾಲೆಯ ಹೆಸರು.

1981ರಲ್ಲಿ ನಾನು ಮೈಸೂರಿಗೆ ಹೊರಟಾಗ ಅಣ್ಣನು ತೀರ್ಥಹಳ್ಳಿಯ ಪೇಟೆಯಲ್ಲಿ ಕೊಡಿಸಿದ ಕಬ್ಬಿಣದ ಟ್ರಂಕಿನ ಮುಚ್ಚಳ ಅದು. ವ್ಯಾಸಂಗ ಮುಗಿದ ಮೇಲೆ ಆ ಟ್ರಂಕನ್ನು ಅಟ್ಟಕ್ಕೆ ಹಾಕಿ ಮರೆತಿದ್ದೆನು. ಮೇಸ್ತ್ರಿಗಳು ಕನ್ನಡಕವನ್ನು ಸರಿಮಾಡಿಕೊಂಡು ನೋಡಿ ಹೇಳಿದರು: ‘ನೆನಪಿದೆ. ಹೊಸ ತಗಡಿಗೆ ದುಡ್ಡಿರಲಿಲ್ಲ. ಇದು ಗಟ್ಟಿ ತಗಡು, ನಮ್ಮ ತಮ್ಮನದು ಎಂದು ಅವರೇ ತಂದರು. ಬಣ್ಣದ ಮುಖ ಮೇಲಿರಲಿ, ಚೆನ್ನಾಗಿರುತ್ತದೆ ಎಂದೆ. ಅಕ್ಷರವಿದೆ ಸಾಬರೇ, ಅದರ ಮೇಲೆ ಕಾಲಿಡುವುದು ಹೇಗೆ ಎಂದು ತಿರುವಿ ಹಾಕಿಸಿ ಡಾಮರು ಬಳಿದರು.’

ಈಗ ನಾನು ಮೊದಲು ಹೇಳದೆ ಬಿಟ್ಟುದನ್ನು ಹೇಳಬೇಕು. 1992ರಲ್ಲಿ ನಾನಿದ್ದ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕದ ಪೆಟ್ಟಿಗೆಗಳನ್ನೂ ಹಾರ್ಮೋನಿಯಮನ್ನೂ ಅಣ್ಣನು ಬಾಡಿಗೆಯಿಲ್ಲದೆ ತನ್ನ ಗಾಡಿಯಲ್ಲಿ ತಂದುಕೊಟ್ಟನು. ಹಾರ್ಮೋನಿಯಮನ್ನು ಹೆಗಲ ಮೇಲಿಟ್ಟುಕೊಂಡು ವೇದಿಕೆಯ ಬಳಿಗೆ ಬಂದಾಗ ಅವನ ಖಾಕಿಯ ಅಂಗಿಯ ಮೇಲೆ ಎಣ್ಣೆಯ ಕಲೆಗಳಿದ್ದವು. ಅತಿಥಿಗಳಾಗಿ ಬಂದಿದ್ದ ದೊಡ್ಡವರೊಬ್ಬರು ನನ್ನನ್ನು ‘ಇವರು ಯಾರು?’ ಎಂದು ಕೇಳಿದರು. ನಾನು ‘ನಮ್ಮ ಕಡೆಯ ಡ್ರೈವರು’ ಎಂದೆನು. ಅಣ್ಣನು ಎರಡು ಮಾರು ದೂರದಲ್ಲಿದ್ದನು, ಕೇಳಿಸದೆ ಇರಲಿಲ್ಲ. ಆ ವಿಷಯವನ್ನು ಅವನು ಎಂದೂ ಎತ್ತಲಿಲ್ಲ. ಆದರೆ ಮುಂದೆ ಶಾಲೆಯ ಗೇಟಿನೊಳಕ್ಕೆ ಬರಲಿಲ್ಲ. ಏನಾದರೂ ಕೊಡುವುದಿದ್ದರೆ ರಸ್ತೆಯ ಬದಿಯಲ್ಲಿ ನಿಲ್ಲಿಸಿ ಎರಡು ಸಲ ಹಾರನ್ ಮಾಡುತ್ತಿದ್ದನು. ನಾನು ಹೊರಕ್ಕೆ ಹೋಗಿ ತೆಗೆದುಕೊಳ್ಳುತ್ತಿದ್ದೆನು. 27 ವರ್ಷಗಳಲ್ಲಿ ಕ್ಷಮೆಯನ್ನು ಕೇಳುವುದಕ್ಕೆ ನನಗೆ ಒಂದು ದಿನವೂ ಬಿಡುವಾಗಲಿಲ್ಲ. ಗುಜರಿಯವನ ಮಾತು ಬಂದಾಗ ನನ್ನ ಬಾಯಿಂದ ಹೊರಟ ಮಾತಿನ ಕಾರಣವು ಇದು. ತೇಪೆಯನ್ನು ಹಾಕಿದುದು ಆ ಸಂಗತಿ ನಡೆದ ಮರುವರ್ಷದ ಮಳೆಗಾಲದಲ್ಲಿ ಎಂದು ಮೇಸ್ತ್ರಿಗಳ ಲೆಕ್ಕದಿಂದ ತಿಳಿಯಿತು.

ಆ ತೇಪೆಯನ್ನು ಏನು ಮಾಡಬೇಕೆಂಬ ಪ್ರಶ್ನೆಯು ಎದ್ದಿತು. ಅಣ್ಣನ ಮಗನು ಬೆಂಗಳೂರಿನಿಂದ ದೂರವಾಣಿಯಲ್ಲಿ, ಹಳೆಯ ಗಾಡಿಗಳನ್ನು ಸರಿಪಡಿಸುವವರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿದ್ದಿತೋ ಹಾಗೆಯೇ ಮಾಡುವರೆಂದೂ, ನಡುವೆ ಸೇರಿದುದನ್ನೆಲ್ಲ ತೆಗೆದುಹಾಕುವರೆಂದೂ ಹೇಳಿದನು. ಅವನ ಮಾತು ಆ ವಿದ್ಯೆಯ ಪ್ರಕಾರ ಸರಿಯಾದುದೇ. ನಾನು ಎರಡು ದಿನ ಯೋಚಿಸಿದೆನು. ಮಯಮತವೆಂಬ ಶಿಲ್ಪಗ್ರಂಥದಲ್ಲಿ ಜೀರ್ಣವಾದುದನ್ನು ಸರಿಪಡಿಸುವ ವಿಧಿಗೆಂದೇ ಒಂದು ಅಧ್ಯಾಯವಿದೆ. ಅದಕ್ಕೆ ಅನುಕರ್ಮವೆಂದು ಹೆಸರು. ಮೊದಲು ಮಾಡಿದವನ ಕೆಲಸವನ್ನು ಅನುಸರಿಸಿ ನಡೆವ ಕೆಲಸವೆಂಬುದು ಆ ಪದದಿಂದಲೇ ತೋರುವುದು. ಆದರೆ ಈ ಗಾಡಿಯನ್ನು ಮೊದಲು ಮಾಡಿದವರು ಯಾರು? ಕಾರ್ಖಾನೆಯವರು ಕೆಲವು ದಿನಗಳಲ್ಲಿ ಮಾಡಿ ಮುಗಿಸಿದರು. ಅಣ್ಣನು 24 ವರ್ಷಗಳ ಕಾಲ ಮಾಡುತ್ತಲೇ ಇದ್ದನು. ಯವನ ರಾಜನಾದ ಮಿಲಿಂದನಿಗೆ ನಾಗಸೇನನೆಂಬ ಭಿಕ್ಷುವು ರಥದ ದೃಷ್ಟಾಂತವನ್ನು ಕೊಟ್ಟ ಕಥೆಯನ್ನು ಹಲವರು ಬಲ್ಲರು: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ, ಇವನ್ನು ಬಿಟ್ಟು ರಥವೆಂಬುದು ಬೇರೊಂದೂ ಇಲ್ಲ. ತರಗತಿಯಲ್ಲಿ ಇದನ್ನು ನಾನು ಎಷ್ಟೋ ಸಲ ಹೇಳಿದವನೇ. ಹೀಗಿರುವಲ್ಲಿ ಇದು ಅಣ್ಣನ ಗಾಡಿಯೆಂದು ಹೇಳಿಸುವ ಭಾಗ ಯಾವುದು? ಎಂಜಿನ್ನಿನ ಒಳಭಾಗಗಳು ಹೊಸವು, ಗಾಜಿನ ಸುತ್ತಣ ರಬ್ಬರು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದುದು, ಬಾಗಿಲಿನ ಹಿಡಿಗಳು ಮತ್ತೊಂದು ಸತ್ತ ಗಾಡಿಯವು. ಕಾರ್ಖಾನೆಯ ದಿನಕ್ಕೆ ಹಿಂದಿರುಗಿಸಿದರೆ ಅಣ್ಣನು ಇನ್ನೂ ಕೊಳ್ಳದಿದ್ದ ಗಾಡಿ ದೊರೆತೀತು. ಅದು ನನಗೆ ಏತಕ್ಕೆ?

ತೇಪೆಯನ್ನು ಇದ್ದಂತೆಯೇ ಉಳಿಸಿದೆವು. ಸುತ್ತಲಿನ ಕೊಳೆತುದನ್ನು ತೆಗೆದು ಹೊಸ ತಗಡನ್ನು ಅದರ ಅಂಚಿನವರೆಗೆ ತಂದು ಅದೇ ಬಗೆಯ ರಿವೆಟ್ಟುಗಳಿಂದ ಸೇರಿಸಿದೆವು. ನಾನು ಕೆರೆದು ತೆಗೆದಿದ್ದ ಡಾಮರನ್ನು ಮತ್ತೆ ನಾನೇ ಬಳಿದೆನು.

ಬಣ್ಣದವನ ಕೆಲಸವನ್ನೆಲ್ಲ ಕಿತ್ತು ಬರಿಯ ಲೋಹಕ್ಕೆ ಇಳಿಸಿ, ತುಕ್ಕು ಹಿಡಿಯದ ಲೇಪವನ್ನು ಮೊದಲು ಕೊಟ್ಟು, ಆಮೇಲೆ ಹಳೆಯ ಬಿಳಿಯ ಬಣ್ಣವನ್ನೇ ಹೊಡೆಯಿಸುವಷ್ಟರಲ್ಲಿ ನವರಾತ್ರಿ ಬಂದಿತು. ಉಳಿದುದು ಕಾಗದಪತ್ರಗಳ ಕೆಲಸ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದಂತೆ, ಮೊದಲು ನೋಂದಾಯಿಸಿದ ದಿನದಿಂದ 50 ವರ್ಷ ಕಳೆದ ಸ್ವಂತದ ವಾಹನಗಳು ಮಾತ್ರ ಪ್ರಾಚೀನ ವಾಹನವೆಂಬ ಗೌರವಕ್ಕೂ, ವಿ.ಎ. ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಫಲಕಕ್ಕೂ ಅರ್ಹವಾಗುವುವು. ಅಂತಹವನ್ನು ಪ್ರದರ್ಶನ, ಮೆರವಣಿಗೆ ಮೊದಲಾದ ಕೆಲವು ಕಾರ್ಯಗಳಿಗಲ್ಲದೆ ನಿತ್ಯವೂ ಓಡಿಸಕೂಡದು. ಆ ಪ್ರಕಾರ ನಮ್ಮ ಗಾಡಿಯು ಪ್ರಾಚೀನವಾಗುವುದು 2038ರಲ್ಲಿ; ಆಗ ನನಗೆ 74. ಅತ್ತ ಸಾಧಾರಣ ವಾಹನದ ಮೊದಲ ನೋಂದಣಿಯ ಅವಧಿಯಾದ 15 ವರ್ಷವು ಎಂದೋ ಮುಗಿದಿದ್ದಿತು. ಹೊಸದೂ ಅಲ್ಲದೆ, ಶಾಸ್ತ್ರೋಕ್ತವಾಗಿ ಹಳೆಯದೂ ಅಲ್ಲದೆ ನಡುವೆ ತ್ರಿಶಂಕುವಿನಂತೆ ನಿಂತ ಗಾಡಿಯ ಹಳೆಯ ತೆರಿಗೆಗಳನ್ನು ಅಣ್ಣನ ಮಗನು ಕಟ್ಟಿದನು. ಬಾಡಿಗೆಯ ಹಳದಿಯ ಫಲಕವು ಹೋಗಿ ಸ್ವಂತದ ಬಿಳಿಯ ಫಲಕವು ಬಂದಿತು. ಯೋಗ್ಯತಾ ಪರೀಕ್ಷೆಯಲ್ಲಿ ಮುಂದಿನ ದೀಪದ ಬೆಳಕು ಓರೆಯೆಂದು ಮೊದಲ ಸಲ ಹಿಂದಕ್ಕೆ ಕಳುಹಿಸಿದರು. ಎರಡನೆಯ ಸಲ ತೇರ್ಗಡೆಯಾಯಿತು. ಒಟ್ಟು ವೆಚ್ಚ 2,70,000 ರೂಪಾಯಿ. ಇದೇ ದುಡ್ಡಿಗೆ ಓಡುವ ಬೇರೊಂದು ಹಳೆಯ ಕಾರು ದೊರೆಯುತ್ತಿತ್ತೆಂದು ಲೆಕ್ಕ ಹಾಕಿ ತೋರಿಸಿದವರು ನಾಲ್ಕು ಮಂದಿ; ಅವರ ಲೆಕ್ಕದಲ್ಲಿ ತಪ್ಪಿಲ್ಲ. ಒರಸುಕಡ್ಡಿಗಳಲ್ಲಿ ಒಂದು ಇಂದಿಗೂ ತನಗೆ ಮನಸ್ಸು ಬಂದಾಗ ಮಾತ್ರ ನಡೆಯುವುದು.

ಕಾರ್ತಿಕಮಾಸದ ಒಂದು ಬೆಳಿಗ್ಗೆ, ಅಣ್ಣನ ಮಗನು ರಜೆಯಲ್ಲಿ ಬಂದಿದ್ದಾಗ, ಎಲ್ಲರೂ ಉಡುಪಿಗೆ ಹೊರಟೆವು. ಗಾಡಿಯನ್ನು ಅವನೇ ನಡೆಸಿದನು. ಮೇಸ್ತ್ರಿಗಳು ಗಾಡಿಯು ಅಂಗಳವನ್ನು ದಾಟುವವರೆಗೆ ಅದರ ಪಕ್ಕದಲ್ಲಿ ಕಿವಿಗೊಟ್ಟು ನಡೆದುಬಂದು, ಕೈಯೆತ್ತಿ ನಿಂತರು. ಅತ್ತಿಗೆಯವರು ಅಭ್ಯಾಸಬಲದಿಂದ ಹಿಂದಣ ಬಾಗಿಲಿನ ಕಡೆಗೆ ಹೋದರು. ಮಗನು ಮುಂಭಾಗದ ಬಾಗಿಲನ್ನು ತೆರೆದು, ‘ಅಮ್ಮ, ಇಲ್ಲಿ’ ಎಂದನು. ಅವರು ನನ್ನ ಮುಖವನ್ನು ನೋಡಿದರು. ಮದುವೆಯಾಗಿ ಬಂದಂದಿನಿಂದ ಆ ಆಸನದಲ್ಲಿ ಅವರು ಕುಳಿತವರಲ್ಲ. ಸೆರಗನ್ನು ಸರಿಪಡಿಸಿಕೊಂಡು ಮೆಲ್ಲನೆ ಹತ್ತಿ ಕುಳಿತರು. ನಾನೂ ನನ್ನ ಹೆಂಡತಿಯೂ ಹಿಂದಿನ ಬೆಂಚಿನಲ್ಲಿ ಕುಳಿತೆವು.

ಮೆಟಡೋರಿನಲ್ಲಿ ಎಂಜಿನ್ನು ಇರುವುದು ಹೊರಗಲ್ಲ, ಚಾಲಕನ ಮತ್ತು ಪಕ್ಕದವರ ಆಸನಗಳ ನಡುವೆ, ಒಂದು ಮುಚ್ಚಳದಡಿಯಲ್ಲಿ. ಆಗುಂಬೆಯನ್ನು ದಾಟಿ ಘಾಟಿಯನ್ನು ಇಳಿಯುವಾಗ ಸಣ್ಣ ಗೇರಿನಲ್ಲಿ ಅದು ಗುಡುಗುತ್ತಿದ್ದಿತು. ಐದಾರು ತಿರುವುಗಳು ಕಳೆದಿರಬಹುದು. ಅತ್ತಿಗೆಯವರು ಮುಚ್ಚಳದ ಮೇಲೆ ಅಂಗೈಯನ್ನು ಇಟ್ಟು, ಚಟ್ಟನೆ ತೆಗೆದುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದರು:

‘ಇಷ್ಟು ಬಿಸಿಯ ಪಕ್ಕದಲ್ಲಿ ಕುಳಿತು ಓಡಿಸುತ್ತಿದ್ದರೇನು? ಒಂದು ದಿನವೂ ಹೇಳಲಿಲ್ಲವಲ್ಲ.’

ನಾನೂ ಕೇಳಿರಲಿಲ್ಲವೆಂದು ಹೇಳಿದೆನು. ಹೆಬ್ರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಅವರು ಕೆಳಗೆ ಇಳಿಯಲಿಲ್ಲ. ಅಲ್ಲಿಗೇ ಲೋಟವನ್ನು ತರಿಸಿಕೊಂಡು ಕುಡಿದರು.